ಕರ್ನಾಟಕದಿಂದ ಷೆಂಗೆನ್ ವೀಸಾ ಅರ್ಜಿ

ಷೆಂಗೆನ್ ಅಲ್ಪಾವಧಿ ವೀಸಾ ಯುರೋಪಿನ ೨೯ ರಾಷ್ಟ್ರಗಳಿಗೆ ಒಟ್ಟಾಗಿ ಅನ್ವಯಿಸುವ ಪ್ರವೇಶಾನುಮತಿಯಾಗಿದೆ. ಇದನ್ನು ಪಡೆದವರು ಯಾವುದೇ ೧೮೦ ದಿನಗಳ ಅವಧಿಯಲ್ಲಿ ಗರಿಷ್ಠ ೯೦ ದಿನಗಳ ಕಾಲ ಆ ರಾಷ್ಟ್ರಗಳಲ್ಲಿ ತಂಗಬಹುದು. ಪ್ರವಾಸ, ಬಂಧುಗಳ ಭೇಟಿ, ವ್ಯವಹಾರ, ಸಮ್ಮೇಳನ ಮೊದಲಾದ ಉದ್ದೇಶಗಳಿಗೆ ಈ ವೀಸಾ ನೀಡಲಾಗುತ್ತದೆ. ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಹೊಂದಿರುವವರು ಪ್ರಯಾಣಕ್ಕೆ ಮುನ್ನವೇ ಇದನ್ನು ಪಡೆಯುವುದು ಕಡ್ಡಾಯ. ಕರ್ನಾಟಕದ ಅರ್ಜಿದಾರರು ಸಾಮಾನ್ಯವಾಗಿ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸುತ್ತಾರೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಮತ್ತು ಹೊಸಕೋಟೆ ತಾಲ್ಲೂಕುಗಳಂತಹ ಅರೆನಗರ ಪ್ರದೇಶಗಳಲ್ಲಿ ಕೃಷಿ, ಹೈನುಗಾರಿಕೆ, ಕಾರ್ಖಾನೆಯ ಉದ್ಯೋಗ ಮತ್ತು ನಿವೃತ್ತಿ ವೇತನ ಒಂದೇ ಮನೆಯಲ್ಲಿ ಬೆರೆತಿರುವುದುಂಟು. ಅಂತಹ ಕುಟುಂಬಗಳ ಅರ್ಜಿಗಳಲ್ಲಿ ದಾಖಲೆಗಳ ಹೊಂದಾಣಿಕೆಯೇ ಮುಖ್ಯ ಪ್ರಶ್ನೆಯಾಗುತ್ತದೆ.

ಹಿನ್ನೆಲೆ

ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಡದಲ್ಲಿರುವ ಒಂದು ಸಣ್ಣ ಗ್ರಾಮ. ೧೯೮೫ರ ಜೂನ್ ೧೪ರಂದು ಬೆಲ್ಜಿಯಂ, ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್ ಮತ್ತು ನೆದರ್ಲ್ಯಾಂಡ್ಸ್ ದೇಶಗಳ ಪ್ರತಿನಿಧಿಗಳು ಈ ಗ್ರಾಮದ ಬಳಿ ನದಿಯಲ್ಲಿದ್ದ ಹಡಗೊಂದರ ಮೇಲೆ ಒಪ್ಪಂದಕ್ಕೆ ಸಹಿ ಹಾಕಿದರು. ಪರಸ್ಪರ ಗಡಿಗಳಲ್ಲಿನ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವುದು ಅದರ ಉದ್ದೇಶವಾಗಿತ್ತು. ೧೯೯೦ರಲ್ಲಿ ಅನುಷ್ಠಾನ ಒಡಂಬಡಿಕೆಗೆ ಸಹಿಯಾಗಿ, ೧೯೯೫ರ ಮಾರ್ಚ್ ೨೬ರಂದು ಸ್ಪೇನ್ ಮತ್ತು ಪೋರ್ಚುಗಲ್ ಸೇರಿದಂತೆ ಏಳು ದೇಶಗಳ ನಡುವೆ ವ್ಯವಸ್ಥೆ ಜಾರಿಗೆ ಬಂದಿತು. ೧೯೯೯ರಲ್ಲಿ ಇದು ಯುರೋಪಿಯನ್ ಒಕ್ಕೂಟದ ಕಾನೂನಿನ ಭಾಗವಾಯಿತು. ಒಳಗಡಿಗಳು ತೆರೆದ ಮೇಲೆ ಒಂದು ದೇಶಕ್ಕೆ ಪ್ರವೇಶಿಸಿದವರು ಉಳಿದ ದೇಶಗಳಿಗೂ ಹೋಗಬಲ್ಲರು. ಆದ್ದರಿಂದ ವೀಸಾ ನೀಡುವ ನಿಯಮಗಳೂ ಸಮಾನವಾಗಿರಬೇಕಾಯಿತು. ಈ ನಿಯಮಗಳನ್ನು ಒಟ್ಟುಗೂಡಿಸಿದ ವೀಸಾ ಸಂಹಿತೆ ೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ್ ೫ರಿಂದ ಅನ್ವಯವಾಯಿತು. ೨೦೧೯ರಲ್ಲಿ ಮಾಡಿದ ತಿದ್ದುಪಡಿಗಳು ೨೦೨೦ರ ಫೆಬ್ರವರಿ ೨ರಿಂದ ಜಾರಿಯಲ್ಲಿವೆ.

ಭಾರತದಿಂದ ಸಲ್ಲಿಕೆಯಾಗುವ ಅರ್ಜಿಗಳ ಸಂಖ್ಯೆ ದೊಡ್ಡದು. ೨೦೨೪ರಲ್ಲಿ ಭಾರತದಲ್ಲಿ ೧೧,೦೮,೨೩೯ ಅರ್ಜಿಗಳು ಸಲ್ಲಿಕೆಯಾಗಿದ್ದು, ೧,೬೫,೨೬೬ ಅರ್ಜಿಗಳು ನಿರಾಕರಣೆಗೊಂಡವು. ಅಂದರೆ ಸುಮಾರು ಏಳು ಅರ್ಜಿಗಳಲ್ಲಿ ಒಂದು ತಿರಸ್ಕೃತವಾಗಿದೆ.

ವ್ಯಾಪ್ತಿ ಮತ್ತು ವಿಧಗಳು

ಯುರೋಪಿಯನ್ ಒಕ್ಕೂಟದ ೨೭ ಸದಸ್ಯ ರಾಷ್ಟ್ರಗಳಲ್ಲಿ ಐರ್ಲೆಂಡ್ ಮತ್ತು ಸೈಪ್ರಸ್ ಹೊರತುಪಡಿಸಿ ೨೫ ರಾಷ್ಟ್ರಗಳು ಷೆಂಗೆನ್ ವಲಯದಲ್ಲಿವೆ. ಒಕ್ಕೂಟಕ್ಕೆ ಸೇರದ ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್ ಕೂಡ ವಲಯದ ಸದಸ್ಯರು. ಕ್ರೊಯೇಷಿಯಾ ೨೦೨೩ರ ಜನವರಿ ೧ರಂದು ಸೇರಿತು. ಬಲ್ಗೇರಿಯಾ ಮತ್ತು ರೊಮೇನಿಯಾಗಳು ೨೦೨೪ರ ಮಾರ್ಚ್‌ನಲ್ಲಿ ವಿಮಾನ ಹಾಗೂ ಸಮುದ್ರ ಮಾರ್ಗಗಳಿಗೂ, ೨೦೨೫ರ ಜನವರಿ ೧ರಿಂದ ಭೂಗಡಿಗಳಿಗೂ ಈ ವ್ಯವಸ್ಥೆಯನ್ನು ಅನ್ವಯಿಸಿದವು.

ಬ್ರಿಟನ್ ಈ ವಲಯದಲ್ಲಿಲ್ಲ. ಲಂಡನ್ನಿನ ಥೇಮ್ಸ್ ದಡದಲ್ಲಿ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಲು ಹೋಗುವವರಿಗೆ ಷೆಂಗೆನ್ ವೀಸಾ ಉಪಯೋಗಕ್ಕೆ ಬರುವುದಿಲ್ಲ. ಬ್ರಿಟನ್ನಿನ ಪ್ರತ್ಯೇಕ ವೀಸಾ ಬೇಕು. ಪ್ಯಾರಿಸ್ ಮತ್ತು ಲಂಡನ್ ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವವರು ಎರಡು ವೀಸಾಗಳನ್ನು ಪಡೆಯಬೇಕಾಗುತ್ತದೆ. ಲಂಡನ್ನಿಗೆ ಹೋಗಿ ಮತ್ತೆ ಷೆಂಗೆನ್ ವಲಯಕ್ಕೆ ಮರಳುವ ಯೋಜನೆಯಿದ್ದರೆ ಎರಡು ಅಥವಾ ಹಲವು ಪ್ರವೇಶಗಳ ವೀಸಾ ಅವಶ್ಯಕ.

ವೀಸಾಗಳನ್ನು ಮೂರು ವರ್ಗಗಳಾಗಿ ಗುರುತಿಸಲಾಗುತ್ತದೆ:

• ಎ ವರ್ಗ: ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ವಲಯದೊಳಗೆ ವಿಮಾನ ಬದಲಾಯಿಸಲು ಮಾತ್ರ.
• ಸಿ ವರ್ಗ: ೯೦ ದಿನಗಳವರೆಗಿನ ಅಲ್ಪಾವಧಿ ವಾಸ್ತವ್ಯ. ಈ ಲೇಖನದ ವಿಷಯ ಇದೇ.
• ಡಿ ವರ್ಗ: ವ್ಯಾಸಂಗ, ಉದ್ಯೋಗ ಮೊದಲಾದ ದೀರ್ಘಾವಧಿ ವಾಸ್ತವ್ಯ. ಇದನ್ನು ಆಯಾ ದೇಶ ತನ್ನ ಸ್ವಂತ ಕಾನೂನಿನಂತೆ ನೀಡುತ್ತದೆ.

ತೊಂಬತ್ತು ದಿನಗಳ ನಿಯಮ

ವಾಸ್ತವ್ಯದ ದಿನಗಳನ್ನು ಎಣಿಸುವಾಗ ಪ್ರವೇಶದ ದಿನವನ್ನೂ ನಿರ್ಗಮನದ ದಿನವನ್ನೂ ಸೇರಿಸಲಾಗುತ್ತದೆ. ವಲಯದಲ್ಲಿರುವ ಪ್ರತಿಯೊಂದು ದಿನದಂದೂ ಹಿಂದಿನ ೧೮೦ ದಿನಗಳನ್ನು ತಿರುಗಿ ನೋಡಿದಾಗ ಒಟ್ಟು ವಾಸ್ತವ್ಯ ೯೦ ದಿನಗಳನ್ನು ಮೀರಿರಬಾರದು. ಏಪ್ರಿಲ್ ೧ರಂದು ಪ್ರವೇಶಿಸಿದವರ ತೊಂಬತ್ತನೆಯ ದಿನ ಜೂನ್ ೨೯. ಅವರು ಅಷ್ಟೂ ದಿನ ಸತತವಾಗಿ ಉಳಿದಿದ್ದರೆ ಮತ್ತೆ ಪ್ರವೇಶಿಸಲು ಸೆಪ್ಟೆಂಬರ್ ೨೮ರವರೆಗೆ ಕಾಯಬೇಕು.

ಈ ನಿಯಮ ಕನ್ನಡ ಕುಟುಂಬಗಳಿಗೆ ಹೆಚ್ಚಾಗಿ ತಟ್ಟುವುದು ಬಾಣಂತನದ ಸಂದರ್ಭದಲ್ಲಿ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದು ತಿಂಗಳುಗಟ್ಟಲೆ ಉಳಿಯುವುದು ಬಯಲುಸೀಮೆಯ ರೂಢಿ. ಮಗಳು ಜರ್ಮನಿಯಲ್ಲೋ ನೆದರ್ಲ್ಯಾಂಡ್ಸ್‌ನಲ್ಲೋ ನೆಲೆಸಿದ್ದಾಗ ತಾಯಿಯೇ ಅಲ್ಲಿಗೆ ತೆರಳುವುದುಂಟು. ಹೆರಿಗೆಯ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಹೋದ ತಾಯಿಗೆ ಮಗು ಹುಟ್ಟಿದ ಬಳಿಕ ಉಳಿಯುವುದು ಎರಡೇ ತಿಂಗಳು. ಅನಾರೋಗ್ಯದಿಂದ ಪ್ರಯಾಣ ಅಸಾಧ್ಯವಾಗುವಂತಹ ಅನಿವಾರ್ಯ ಸಂದರ್ಭಗಳಲ್ಲಿ ಅಥವಾ ಮಾನವೀಯ ಕಾರಣಗಳಿಂದ ಸ್ಥಳೀಯ ಅಧಿಕಾರಿಗಳು ಅವಧಿಯನ್ನು ವಿಸ್ತರಿಸಬಹುದಾದರೂ ಅದು ಅಪವಾದವೇ ಹೊರತು ಸಾಮಾನ್ಯ ಅನುಕೂಲವಲ್ಲ. ಅವಧಿ ಮೀರಿ ಉಳಿದವರು ದಂಡಕ್ಕೆ ಮತ್ತು ಪ್ರವೇಶ ನಿಷೇಧಕ್ಕೆ ಗುರಿಯಾಗಬಹುದು. ಆದ್ದರಿಂದ ಅನೇಕ ಕುಟುಂಬಗಳಲ್ಲಿ ತಾಯಿ ಮತ್ತು ಅತ್ತೆ ಒಬ್ಬರ ನಂತರ ಒಬ್ಬರು ಪ್ರಯಾಣಿಸುವ ಕ್ರಮವನ್ನು ಅನುಸರಿಸಲಾಗುತ್ತದೆ. ತೊಂಬತ್ತು ದಿನಗಳ ಲೆಕ್ಕ ಪ್ರತಿಯೊಬ್ಬ ಪ್ರಯಾಣಿಕರಿಗೂ ಪ್ರತ್ಯೇಕವಾದ್ದರಿಂದ ಇದು ಸಾಧ್ಯವಾಗುತ್ತದೆ.

ಅರ್ಜಿ ಸಲ್ಲಿಸಬೇಕಾದ ದೇಶ

ಒಂದೇ ದೇಶಕ್ಕೆ ಹೋಗುವವರು ಆ ದೇಶಕ್ಕೇ ಅರ್ಜಿ ಸಲ್ಲಿಸಬೇಕು. ಹಲವು ದೇಶಗಳನ್ನು ಸಂದರ್ಶಿಸುವವರು ಹೆಚ್ಚು ದಿನ ತಂಗುವ ಅಥವಾ ಪ್ರವಾಸದ ಮುಖ್ಯ ಉದ್ದೇಶವಿರುವ ದೇಶವನ್ನು ಆರಿಸಬೇಕು. ಎಲ್ಲೆಡೆಯೂ ದಿನಗಳು ಸಮಾನವಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆ ಎಂಬ ಕಾರಣಕ್ಕೆ ಬೇರೊಂದು ದೇಶವನ್ನು ಆರಿಸಿ, ಕಾಗದದ ಮೇಲೆ ಮಾತ್ರ ಅಲ್ಲಿನ ವಾಸ್ತವ್ಯ ತೋರಿಸುವುದು ನಿಯಮಕ್ಕೆ ವಿರುದ್ಧ.

ಅರ್ಜಿದಾರರು ಕಾನೂನುಬದ್ಧವಾಗಿ ವಾಸವಾಗಿರುವ ಪ್ರದೇಶದ ಮೇಲೆ ಅಧಿಕಾರವಿರುವ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಅರ್ಜಿಯನ್ನು ಪರಿಶೀಲಿಸುತ್ತದೆ. ಜರ್ಮನಿ, ಫ್ರಾನ್ಸ್, ನೆದರ್ಲ್ಯಾಂಡ್ಸ್ ಮತ್ತು ಸ್ವಿಟ್ಜರ್ಲೆಂಡ್ ಬೆಂಗಳೂರಿನಲ್ಲಿ ಕಾನ್ಸುಲೇಟ್‌ಗಳನ್ನು ಹೊಂದಿವೆ. ಆದರೆ ಸಾಮಾನ್ಯ ಅರ್ಜಿದಾರರು ನೇರವಾಗಿ ಹೋಗುವುದು ಕಾನ್ಸುಲೇಟಿಗಲ್ಲ, ಅದರ ಪರವಾಗಿ ಅರ್ಜಿ ಸ್ವೀಕರಿಸುವ ಖಾಸಗಿ ಸಂಸ್ಥೆಯ ಕೇಂದ್ರಕ್ಕೆ. ಬಹುಪಾಲು ದೇಶಗಳು ವಿಎಫ್‌ಎಸ್ ಗ್ಲೋಬಲ್ ಸಂಸ್ಥೆಯನ್ನೂ, ಸ್ಪೇನ್ ಬಿಎಲ್‌ಎಸ್ ಇಂಟರ್‌ನ್ಯಾಷನಲ್ ಸಂಸ್ಥೆಯನ್ನೂ ಭಾರತದಲ್ಲಿ ನೇಮಿಸಿಕೊಂಡಿವೆ. ಈ ಕೇಂದ್ರಗಳ ಕೆಲಸ ದಾಖಲೆ, ಶುಲ್ಕ ಮತ್ತು ಬೆರಳಚ್ಚು ಸಂಗ್ರಹಿಸಿ ಕಳುಹಿಸುವುದು ಮಾತ್ರ. ವೀಸಾ ನೀಡುವ ಅಥವಾ ನಿರಾಕರಿಸುವ ಅಧಿಕಾರ ಅವುಗಳಿಗಿಲ್ಲ.

ಪಾಸ್‌ಪೋರ್ಟ್ ಮತ್ತು ಹೆಸರು

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು. ಷೆಂಗೆನ್ ವಲಯದಿಂದ ಹೊರಡುವ ದಿನದ ಬಳಿಕ ಕನಿಷ್ಠ ಮೂರು ತಿಂಗಳು ಮಾನ್ಯವಾಗಿರಬೇಕು. ಅದರಲ್ಲಿ ಕನಿಷ್ಠ ಎರಡು ಖಾಲಿ ಪುಟಗಳಿರಬೇಕು. ಹತ್ತನೆಯ ತರಗತಿ ತೇರ್ಗಡೆಯಾಗದ ಹಿರಿಯರ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆ ಅಗತ್ಯವೆಂಬ ಮುದ್ರೆ ಇರಬಹುದು. ಆ ಮುದ್ರೆ ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಭಾರತ ಸರ್ಕಾರ ಗೊತ್ತುಪಡಿಸಿದ ಕೆಲವು ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವವರಿಗೆ ಸಂಬಂಧಿಸಿದ್ದು. ಯುರೋಪಿಗೆ ಮಕ್ಕಳನ್ನು ನೋಡಲು ಹೋಗುವವರಿಗೆ ಅದರಿಂದ ಅಡ್ಡಿಯಿಲ್ಲ.

ಹಳೆಯ ಮೈಸೂರು ಪ್ರಾಂತ್ಯದಲ್ಲಿ ಕುಲನಾಮ ಬಳಸುವ ರೂಢಿ ಕಡಿಮೆ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಸ್ವಂತ ಹೆಸರಿನ ಹಿಂದೆ ಇನಿಷಿಯಲ್ ಆಗಿ ಇಟ್ಟುಕೊಳ್ಳುವುದು ಸಾಮಾನ್ಯ ಪದ್ಧತಿ. ಪಾಸ್‌ಪೋರ್ಟ್ ಮತ್ತು ವೀಸಾ ನಮೂನೆಗಳಾದರೋ ಹೆಸರನ್ನು ಕುಲನಾಮ ಮತ್ತು ಸ್ವಂತ ಹೆಸರು ಎಂದು ಎರಡು ಭಾಗ ಮಾಡಿ ಕೇಳುತ್ತವೆ. ಇದರಿಂದ ಒಬ್ಬರೇ ವ್ಯಕ್ತಿ ಶಾಲಾ ದಾಖಲೆಯಲ್ಲಿ ಇನಿಷಿಯಲ್ ಸಹಿತವಾಗಿ, ಆಧಾರ್‌ನಲ್ಲಿ ಬರಿಯ ಹೆಸರಾಗಿ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರಿನೊಂದಿಗೆ ಕಾಣಿಸಿಕೊಳ್ಳುವುದುಂಟು. ‘ಗೌಡ’, ‘ಲಕ್ಷ್ಮಮ್ಮ’, ‘ಗಂಗಯ್ಯ’ ಮೊದಲಾದ ಹೆಸರುಗಳ ಇಂಗ್ಲಿಷ್ ಕಾಗುಣಿತವೂ ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ. ಕನ್ನಡ ಬಲ್ಲವರಿಗೆ ಇವೆಲ್ಲ ಒಂದೇ ಹೆಸರೆಂಬುದು ಸ್ಪಷ್ಟ. ಕನ್ನಡ ಬಾರದ ವೀಸಾ ಅಧಿಕಾರಿಗೆ ಅವು ಬೇರೆ ಬೇರೆ ವ್ಯಕ್ತಿಗಳ ಹೆಸರುಗಳಂತೆ ತೋರಬಹುದು.

ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವ ರೂಪವೇ ಅಂತಿಮ. ವೀಸಾ ನಮೂನೆ, ವಿಮಾನದ ಟಿಕೆಟ್, ವಿಮೆ ಮತ್ತು ಆಹ್ವಾನ ಪತ್ರ ನಾಲ್ಕರಲ್ಲೂ ಅದೇ ರೂಪ, ಅದೇ ಕಾಗುಣಿತ ಇರಬೇಕು. ಉಳಿದ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಎರಡೂ ಹೆಸರುಗಳು ಒಬ್ಬರದ್ದೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿ ಲಗತ್ತಿಸುವುದು ವಾಡಿಕೆ.

ಅಗತ್ಯ ದಾಖಲೆಗಳು

ದೇಶದಿಂದ ದೇಶಕ್ಕೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಕೇಳುವ ದಾಖಲೆಗಳು ಹೀಗಿವೆ:

• ಭರ್ತಿ ಮಾಡಿ ಸಹಿ ಹಾಕಿದ ಅರ್ಜಿ ನಮೂನೆ.
• ಪಾಸ್‌ಪೋರ್ಟ್, ಹಿಂದಿನ ಪಾಸ್‌ಪೋರ್ಟ್‌ಗಳಿದ್ದರೆ ಅವು ಮತ್ತು ಹಿಂದಿನ ವೀಸಾಗಳ ಪ್ರತಿಗಳು.
• ಇತ್ತೀಚೆಗೆ ತೆಗೆದ, ೩೫ × ೪೫ ಮಿಲಿಮೀಟರ್ ಅಳತೆಯ ಭಾವಚಿತ್ರ.
• ಪ್ರಯಾಣದ ಉದ್ದೇಶ ಮತ್ತು ದಿನವಾರು ವಿವರಗಳನ್ನು ತಿಳಿಸುವ ಪತ್ರ.
• ಹೋಗಿಬರುವ ವಿಮಾನ ಪ್ರಯಾಣದ ಕಾಯ್ದಿರಿಸುವಿಕೆ.
• ವಸತಿಯ ಪುರಾವೆ: ಹೋಟೆಲ್ ಕಾಯ್ದಿರಿಸುವಿಕೆ ಅಥವಾ ಆತಿಥೇಯರ ಆಹ್ವಾನ.
• ಬ್ಯಾಂಕಿನ ಮುದ್ರೆಯುಳ್ಳ ಖಾತೆಯ ವಿವರ ಮತ್ತು ಆದಾಯ ತೆರಿಗೆ ವಿವರಣೆಗಳು.
• ಉದ್ಯೋಗ, ವ್ಯವಹಾರ, ಕೃಷಿ ಅಥವಾ ನಿವೃತ್ತಿಯ ಪುರಾವೆ. ಉದ್ಯೋಗಿಗಳಿಗೆ ರಜೆ ಮಂಜೂರಾತಿ ಪತ್ರ.
• ಪ್ರಯಾಣ ವೈದ್ಯಕೀಯ ವಿಮೆ.

ವಿಮೆಯ ಮೊತ್ತ ಕನಿಷ್ಠ ೩೦,೦೦೦ ಯೂರೊ ಇರಬೇಕು. ಅದು ಷೆಂಗೆನ್ ವಲಯದಾದ್ಯಂತ ವಾಸ್ತವ್ಯದ ಪೂರ್ತಿ ಅವಧಿಗೆ ಮಾನ್ಯವಾಗಿರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ವೈದ್ಯಕೀಯ ಕಾರಣಕ್ಕಾಗಿ ತಾಯ್ನಾಡಿಗೆ ಮರಳಿಸುವಿಕೆ ಮತ್ತು ಮರಣ ಸಂಭವಿಸಿದರೆ ತಗಲುವ ವೆಚ್ಚ ಇದರಲ್ಲಿ ಸೇರಿರಬೇಕು. ವೀಸಾ ನಿಯಮವನ್ನು ಪೂರೈಸುವ ವಿಮೆ ಎಲ್ಲ ಕಾಯಿಲೆಗಳನ್ನೂ ಒಳಗೊಳ್ಳುತ್ತದೆ ಎಂದಲ್ಲ. ರಕ್ತದೊತ್ತಡ, ಮಧುಮೇಹ, ಹೃದ್ರೋಗ ಇರುವ ಹಿರಿಯರ ವಿಷಯದಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಸಂಬಂಧಿಸಿದ ಷರತ್ತುಗಳನ್ನು ಓದಿಕೊಳ್ಳುವುದು ಅಗತ್ಯ.

ದಿನವೊಂದಕ್ಕೆ ಇರಬೇಕಾದ ಹಣದ ಪ್ರಮಾಣವನ್ನು ಆಯಾ ದೇಶ ನಿಗದಿಪಡಿಸುತ್ತದೆ. ಫ್ರಾನ್ಸ್ ದೇಶ ಹೋಟೆಲ್ ಕಾಯ್ದಿರಿಸಿದವರಿಗೆ ದಿನಕ್ಕೆ ೬೫ ಯೂರೊ, ವಸತಿಯ ಪುರಾವೆ ಇಲ್ಲದವರಿಗೆ ೧೨೦ ಯೂರೊ ಮತ್ತು ಅಧಿಕೃತ ಆತಿಥ್ಯ ಪತ್ರ ಇರುವವರಿಗೆ ೩೨.೫೦ ಯೂರೊ ಎಂದು ಗೊತ್ತುಪಡಿಸಿದೆ.

ವೀಸಾ ಸಿಗುವ ಮೊದಲೇ ಮರುಪಾವತಿಯಾಗದ ಟಿಕೆಟ್ ಕೊಳ್ಳುವ ಅಗತ್ಯವಿಲ್ಲ. ಅರ್ಜಿಗೆ ಕಾಯ್ದಿರಿಸುವಿಕೆಯ ಪ್ರತಿ ಸಾಕಾಗುತ್ತದೆ.

ಮರಳಿ ಬರುವ ಉದ್ದೇಶದ ಪುರಾವೆ

ವೀಸಾ ಸಂಹಿತೆಯ ಪ್ರಕಾರ ಅಧಿಕಾರಿಯು ವಿಶೇಷವಾಗಿ ಪರಿಶೀಲಿಸಬೇಕಾದ ಅಂಶವೆಂದರೆ, ವೀಸಾದ ಅವಧಿ ಮುಗಿಯುವ ಮುನ್ನ ಅರ್ಜಿದಾರರು ಹಿಂದಿರುಗುವ ಉದ್ದೇಶ ಹೊಂದಿದ್ದಾರೆಯೇ ಎಂಬುದು. ಮನೆ, ಜಮೀನು, ಉದ್ಯೋಗ, ಕುಟುಂಬದ ಹೊಣೆ ಇವೆಲ್ಲ ಇದಕ್ಕೆ ಆಧಾರಗಳು. ಅಧಿಕಾರಿ ಅರ್ಜಿದಾರರ ಊರನ್ನು ನೋಡಿರುವುದಿಲ್ಲ. ಅವರ ಮುಂದಿರುವುದು ಕಾಗದಗಳು ಮಾತ್ರ. ತಲೆಮಾರುಗಳಿಂದ ಒಂದೇ ಹಳ್ಳಿಯಲ್ಲಿ ನೆಲೆಸಿ, ದನಕರು ಮತ್ತು ತೋಟ ನೋಡಿಕೊಂಡಿರುವ ರೈತ ದಂಪತಿ ಊರು ಬಿಟ್ಟು ಹೋಗುವ ಸಂಭವ ತೀರ ಕಡಿಮೆ. ಆದರೆ ಅವರ ಈ ಬೇರೂರುವಿಕೆಗೆ ನಗರದ ನೌಕರರ ವೇತನ ಚೀಟಿಯಂತಹ ಸರಳ ದಾಖಲೆ ಇರುವುದಿಲ್ಲ. ನೆಲಮಂಗಲದಂತಹ ತಾಲ್ಲೂಕಿನ ಅರ್ಜಿಗಳಲ್ಲಿ ಎದುರಾಗುವ ವಿಶೇಷ ತೊಡಕು ಇದು.

ಕೃಷಿಕರು

೧೯೬೧ರ ಆದಾಯ ತೆರಿಗೆ ಕಾಯ್ದೆಯ ೧೦(೧)ನೆಯ ಕಲಮು ಕೃಷಿ ಆದಾಯಕ್ಕೆ ವಿನಾಯಿತಿ ನೀಡಿತ್ತು. ಹೀಗಾಗಿ ಕೃಷಿಯನ್ನಷ್ಟೇ ಅವಲಂಬಿಸಿದ ಅನೇಕರು ತೆರಿಗೆ ವಿವರಣೆ ಸಲ್ಲಿಸಿಯೇ ಇರುವುದಿಲ್ಲ. ಅಂತಹವರು ಅದರ ಬದಲಿಗೆ ಪಹಣಿ, ಕೃಷಿ ಉತ್ಪನ್ನ ಮಾರಾಟದ ರಸೀದಿಗಳು ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಸಲ್ಲಿಸಿ, ತೆರಿಗೆ ವಿವರಣೆ ಏಕಿಲ್ಲವೆಂಬುದನ್ನು ಪತ್ರದಲ್ಲಿ ಒಂದೆರಡು ವಾಕ್ಯಗಳಲ್ಲಿ ತಿಳಿಸುತ್ತಾರೆ. ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವವರ ಖಾತೆಗೆ ನಿಯತವಾಗಿ ಜಮೆಯಾಗುವ ಹಣ ಚಿಕ್ಕ ಮೊತ್ತವಾದರೂ ಗಟ್ಟಿ ಪುರಾವೆ. ವರ್ಷವಿಡೀ ಊರಿನಲ್ಲಿ ದುಡಿಮೆ ನಡೆಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಪ್ರಯಾಣದ ಅವಧಿಯಲ್ಲಿ ಜಮೀನು ಮತ್ತು ದನಕರುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಪತ್ರದಲ್ಲಿ ಹೇಳಬಹುದು.

ಪಹಣಿ ಕನ್ನಡದಲ್ಲಿರುವುದರಿಂದ ಅದರ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಇನ್ನೊಂದು ಸಾಮಾನ್ಯ ಸಮಸ್ಯೆಯೆಂದರೆ ಜಮೀನು ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದು. ಪೌತಿ ಖಾತೆಯ ಮೂಲಕ ವಾರಸುದಾರರ ಹೆಸರಿಗೆ ಬದಲಾವಣೆ ಆಗದಿದ್ದರೆ ಆ ಪಹಣಿ ಅರ್ಜಿದಾರರ ಆಸ್ತಿಯನ್ನು ತೋರಿಸುವುದಿಲ್ಲ. ಕಂದಾಯ ಇಲಾಖೆಯಿಂದ ಪಡೆದ ವಂಶವೃಕ್ಷವನ್ನು ಜೊತೆಗಿಟ್ಟರೆ ಸಂಬಂಧ ತಿಳಿಯುತ್ತದೆ. ಖಾತೆ ಬದಲಾವಣೆಗೆ ಸಮಯ ಹಿಡಿಯುವುದರಿಂದ ಅದನ್ನು ವೀಸಾ ಅರ್ಜಿಯ ಹೊತ್ತಿಗೆ ಆರಂಭಿಸಿದರೆ ತಡವಾಗುತ್ತದೆ.

ದೊಡ್ಡ ಮೊತ್ತದ ಜಮೆಗಳು

ಅರ್ಜಿಗೆ ಕೆಲವೇ ದಿನ ಮುಂಚೆ ಖಾತೆಗೆ ಬಂದ ದೊಡ್ಡ ಮೊತ್ತ ಸಂಶಯಕ್ಕೆ ಎಡೆಮಾಡುತ್ತದೆ. ಬಂಧುಗಳಿಂದ ಕೈಗಡ ತಂದು ಖಾತೆಯಲ್ಲಿ ತೋರಿಸುವುದು ಈ ಕಾರಣದಿಂದ ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು. ಆದರೆ ನ್ಯಾಯವಾದ ದೊಡ್ಡ ಜಮೆಗಳೂ ಇರುತ್ತವೆ. ತುಮಕೂರು ರಸ್ತೆಯ ದಾಬಸ್‌ಪೇಟೆ ಸುತ್ತಮುತ್ತ ಕೈಗಾರಿಕಾ ಪ್ರದೇಶಕ್ಕಾಗಿ, ಹೆದ್ದಾರಿಗಳಿಗಾಗಿ ಭೂಸ್ವಾಧೀನ ನಡೆದಿದೆ. ಅಂತಹ ಪರಿಹಾರ ಪಡೆದವರು ಪರಿಹಾರದ ಆದೇಶದ ಪ್ರತಿಯನ್ನೂ, ಜಮೀನು ಅಥವಾ ನಿವೇಶನ ಮಾರಿದವರು ನೋಂದಾಯಿತ ಕ್ರಯಪತ್ರದ ಪ್ರತಿಯನ್ನೂ ಲಗತ್ತಿಸಿದರೆ ಹಣದ ಮೂಲ ಸ್ಪಷ್ಟವಾಗುತ್ತದೆ. ಪಡಿತರ ಚೀಟಿಗೋ ವಿದ್ಯಾರ್ಥಿವೇತನಕ್ಕೋ ಪಡೆದ ಕಡಿಮೆ ಮೊತ್ತದ ಆದಾಯ ಪ್ರಮಾಣಪತ್ರವನ್ನು ಹೆಚ್ಚಿನ ಬ್ಯಾಂಕ್ ಉಳಿತಾಯದೊಂದಿಗೆ ಸಲ್ಲಿಸಿದರೆ ಎರಡೂ ಪರಸ್ಪರ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ.

ನಿವೃತ್ತರು, ನೌಕರರು ಮತ್ತು ಗೃಹಿಣಿಯರು

ನಿವೃತ್ತ ಸರ್ಕಾರಿ ನೌಕರರಿಗೆ ಪಿಂಚಣಿ ಪಾವತಿ ಆದೇಶ ಮತ್ತು ಪ್ರತಿ ತಿಂಗಳು ಪಿಂಚಣಿ ಜಮೆಯಾಗುವ ಖಾತೆಯ ವಿವರ ಬಲವಾದ ಆಧಾರ. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ನೇಮಕಾತಿ ಪತ್ರ, ವೇತನ ಚೀಟಿಗಳು ಮತ್ತು ಕೆಲಸಕ್ಕೆ ಮರಳುವ ದಿನಾಂಕವನ್ನು ನಮೂದಿಸಿದ ರಜೆ ಪತ್ರ ಬೇಕು. ಸೇವೆಯಲ್ಲಿರುವ ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪಡೆಯಬೇಕು.

ಸ್ವಂತ ಆದಾಯವಿಲ್ಲದ ಗೃಹಿಣಿಯರು ಪತಿಯ ಅಥವಾ ಮಕ್ಕಳ ದಾಖಲೆಗಳನ್ನು ಆಧರಿಸುತ್ತಾರೆ. ಆಗ ಸಂಬಂಧದ ಪುರಾವೆ ಬೇಕಾಗುತ್ತದೆ. ಹಿಂದಿನ ತಲೆಮಾರಿನ ಅನೇಕ ವಿವಾಹಗಳು ನೋಂದಣಿಯಾಗಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅವನ್ನು ತಡವಾಗಿಯೂ ನೋಂದಾಯಿಸಿಕೊಳ್ಳಬಹುದು. ಮಕ್ಕಳೊಂದಿಗಿನ ಸಂಬಂಧವನ್ನು ಮಕ್ಕಳ ಜನನ ಪ್ರಮಾಣಪತ್ರದಿಂದ ಅಥವಾ ತಂದೆ ತಾಯಿಯರ ಹೆಸರಿರುವ ಪಾಸ್‌ಪೋರ್ಟ್ ಪುಟ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳಿಂದ ತೋರಿಸಲಾಗುತ್ತದೆ. ವಿಧವೆಯರು ಪತಿಯ ಮರಣ ಪ್ರಮಾಣಪತ್ರ ಮತ್ತು ಕುಟುಂಬ ಪಿಂಚಣಿಯ ವಿವರಗಳನ್ನು ಸಲ್ಲಿಸುತ್ತಾರೆ.

ಆತಿಥೇಯರ ಆಹ್ವಾನ

ಯುರೋಪಿನಲ್ಲಿರುವ ಮಕ್ಕಳು ಅಥವಾ ಬಂಧುಗಳು ಬರೆದ ಸಾಮಾನ್ಯ ಪತ್ರ ಕೆಲವು ದೇಶಗಳಿಗೆ ಸಾಲದು. ಜರ್ಮನಿಯಲ್ಲಿ ಅತಿಥಿಯ ಖರ್ಚಿನ ಹೊಣೆ ಹೊರುವವರು ಸ್ಥಳೀಯ ವಿದೇಶಿಯರ ಕಚೇರಿಯಲ್ಲಿ ಹೊಣೆಗಾರಿಕೆ ಪತ್ರಕ್ಕೆ ಸಹಿ ಹಾಕಬೇಕು. ಇದರ ಶುಲ್ಕ ೨೯ ಯೂರೊ. ಈ ಪತ್ರಕ್ಕೆ ಸಹಿ ಹಾಕಿದವರು ಅತಿಥಿಗಾಗಿ ಸರ್ಕಾರ ಮಾಡಿದ ವೆಚ್ಚವನ್ನು ಭರಿಸಲು ಕಾನೂನಿನ ಪ್ರಕಾರ ಬಾಧ್ಯರಾಗುತ್ತಾರೆ. ಫ್ರಾನ್ಸ್‌ನಲ್ಲಿ ಆತಿಥೇಯರು ತಮ್ಮ ಊರಿನ ಪುರಸಭೆಯಿಂದ ಆತಿಥ್ಯ ಪತ್ರ ಪಡೆಯಬೇಕು. ನೆದರ್ಲ್ಯಾಂಡ್ಸ್‌ನಲ್ಲಿ ವಸತಿ ಮತ್ತು ಪ್ರಾಯೋಜಕತ್ವದ ನಮೂನೆಯ ಮೇಲಿನ ಸಹಿಯನ್ನು ಪುರಸಭೆ ದೃಢೀಕರಿಸಬೇಕು. ಮೂಲ ಪತ್ರ ಅಂಚೆಯಲ್ಲಿ ಭಾರತಕ್ಕೆ ತಲುಪಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಆತಿಥೇಯರು ಖರ್ಚು ವಹಿಸಿಕೊಂಡ ಮಾತ್ರಕ್ಕೆ ಅರ್ಜಿದಾರರು ಮರಳಿ ಬರುವ ಪುರಾವೆ ನೀಡುವ ಅಗತ್ಯ ತಪ್ಪುವುದಿಲ್ಲ.

ಅರ್ಜಿ ಸಲ್ಲಿಕೆ ಮತ್ತು ಶುಲ್ಕ

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ ೧೫ ದಿನ ಮೊದಲು ಸಲ್ಲಿಸಿರಬೇಕು. ಬೇಸಿಗೆ ರಜೆಯ ಮುಂಚಿನ ತಿಂಗಳುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಮಧ್ಯವರ್ತಿಗಳು ಇದನ್ನೇ ಬಳಸಿಕೊಂಡು ಹಣ ಕೇಳುವುದುಂಟು. ವೀಸಾ ಖಚಿತವಾಗಿ ಕೊಡಿಸುತ್ತೇವೆ ಎಂಬ ಯಾವುದೇ ಭರವಸೆ ನಂಬಿಕೆಗೆ ಅರ್ಹವಲ್ಲ. ಮಧ್ಯವರ್ತಿ ಸೇರಿಸಿದ ಸುಳ್ಳು ದಾಖಲೆಗೂ ಸಹಿ ಹಾಕಿದ ಅರ್ಜಿದಾರರೇ ಉತ್ತರದಾಯಿಗಳು.

ಅರ್ಜಿದಾರರು ಬೆರಳಚ್ಚು ನೀಡಲು ಸ್ವತಃ ಹಾಜರಾಗಬೇಕು. ಭಾರತದಲ್ಲಿ ಈ ಪದ್ಧತಿ ೨೦೧೫ರ ನವೆಂಬರ್‌ನಲ್ಲಿ ಆರಂಭವಾಯಿತು. ಒಮ್ಮೆ ನೀಡಿದ ಬೆರಳಚ್ಚನ್ನು ೫೯ ತಿಂಗಳವರೆಗೆ ಮರುಬಳಕೆ ಮಾಡಬಹುದು. ೧೨ ವರ್ಷದೊಳಗಿನ ಮಕ್ಕಳಿಗೆ ಇದರಿಂದ ವಿನಾಯಿತಿ ಇದೆ. ದೀರ್ಘಕಾಲ ಕೈಗೆಲಸ ಮಾಡಿದ ಹಿರಿಯರ ಬೆರಳ ರೇಖೆಗಳು ಸವೆದು, ಯಂತ್ರದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಬೇಕಾಗಬಹುದು. ಬೆರಳಚ್ಚು ಪಡೆಯುವುದು ದೈಹಿಕವಾಗಿ ಅಸಾಧ್ಯವಾದವರಿಗೂ ನಿಯಮದಲ್ಲಿ ವಿನಾಯಿತಿ ಇದೆ. ನೆಲಮಂಗಲದ ಕಡೆಯಿಂದ ಬರುವವರಿಗೆ ತುಮಕೂರು ರಸ್ತೆಯ ಮಾದಾವರದಿಂದ ೨೦೨೪ರ ನವೆಂಬರ್‌ನಿಂದ ಮೆಟ್ರೊ ರೈಲಿನ ಸೌಕರ್ಯವಿದೆ.

೨೦೨೪ರ ಜೂನ್ ೧೧ರಿಂದ ವೀಸಾ ಶುಲ್ಕ ವಯಸ್ಕರಿಗೆ ೯೦ ಯೂರೊ ಮತ್ತು ೬ರಿಂದ ೧೨ ವರ್ಷದೊಳಗಿನ ಮಕ್ಕಳಿಗೆ ೪೫ ಯೂರೊ ಆಗಿದೆ. ಆರು ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಇದಲ್ಲದೆ ಅರ್ಜಿ ಕೇಂದ್ರದ ಸೇವಾ ಶುಲ್ಕವಿರುತ್ತದೆ. ಮೊಬೈಲ್ ಸಂದೇಶ, ವಿಶೇಷ ಕೊಠಡಿ, ಕೊರಿಯರ್ ಮೊದಲಾದ ಹೆಚ್ಚುವರಿ ಸೇವೆಗಳು ಐಚ್ಛಿಕವಾಗಿದ್ದು, ಅವು ವೀಸಾ ನಿರ್ಧಾರದ ಮೇಲೆ ಪ್ರಭಾವ ಬೀರುವುದಿಲ್ಲ. ವೀಸಾ ನಿರಾಕರಿಸಲ್ಪಟ್ಟರೆ ಶುಲ್ಕ ಹಿಂದಿರುಗುವುದಿಲ್ಲ. ನಿರ್ಧಾರಕ್ಕೆ ಸಾಮಾನ್ಯ ಅವಧಿ ೧೫ ದಿನಗಳು. ಹೆಚ್ಚಿನ ಪರಿಶೀಲನೆ ಬೇಕಾದಾಗ ಇದು ೪೫ ದಿನಗಳವರೆಗೆ ವಿಸ್ತರಿಸಬಹುದು.

ನಿರಾಕರಣೆ ಮತ್ತು ಮೇಲ್ಮನವಿ

ವೀಸಾ ನಿರಾಕರಿಸಿದಾಗ ಕಾರಣಗಳನ್ನು ಗುರುತು ಮಾಡಿದ ಏಕರೂಪದ ನಮೂನೆಯನ್ನು ನೀಡಲಾಗುತ್ತದೆ. ಪ್ರಯಾಣದ ಉದ್ದೇಶ ಸಮರ್ಥನೀಯವಾಗಿಲ್ಲದಿರುವುದು, ಹಣದ ಕೊರತೆ, ಸುಳ್ಳು ದಾಖಲೆ, ಮಾಹಿತಿಯ ವಿಶ್ವಾಸಾರ್ಹತೆಯ ಬಗೆಗಿನ ಸಂಶಯ, ಮರಳುವ ಉದ್ದೇಶದ ಬಗೆಗಿನ ಸಂಶಯ ಮೊದಲಾದವು ಇದರಲ್ಲಿರುತ್ತವೆ. ಹಿರಿಯರು ನಿರಾಕರಣೆಯನ್ನು ಅವಮಾನವೆಂದು ಭಾವಿಸುವುದುಂಟು. ಆದರೆ ಕಾನೂನಿನ 
ದೃಷ್ಟಿಯಲ್ಲಿ ಅದು ಸಲ್ಲಿಸಿದ ದಾಖಲೆಗಳ ಆಧಾರದ ಮೇಲೆ ಕೈಗೊಂಡ ನಿರ್ಧಾರ. ನಿರಾಕರಣೆಯಾದ ಮಾತ್ರಕ್ಕೆ ಮತ್ತೆ ಅರ್ಜಿ ಸಲ್ಲಿಸಲು ತಡೆಯಿಲ್ಲ. ನಮೂನೆಯಲ್ಲಿ ಗುರುತಿಸಿದ ಕೊರತೆಯನ್ನು ನೀಗಿಸದೆ ಹಳೆಯ ಕಾಗದಗಳನ್ನೇ ಸಲ್ಲಿಸಿದರೆ ಫಲಿತಾಂಶ ಬದಲಾಗುವ ಸಂಭವ ಕಡಿಮೆ. ನಿರಾಕರಣೆಯ ವಿವರ ಷೆಂಗೆನ್ ದೇಶಗಳು ಹಂಚಿಕೊಳ್ಳುವ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಉಳಿಯುವುದರಿಂದ ಅದನ್ನು ಮುಂದಿನ ಅರ್ಜಿಯಲ್ಲಿ ಮರೆಮಾಚುವುದು ವ್ಯರ್ಥ.

ಮೇಲ್ಮನವಿಯ ಹಕ್ಕು ಎಲ್ಲ ದೇಶಗಳಲ್ಲೂ ಇದೆಯಾದರೂ ಅದರ ವಿಧಾನ ಆಯಾ ದೇಶದ ಕಾನೂನನ್ನು ಅವಲಂಬಿಸಿದೆ. ನೆದರ್ಲ್ಯಾಂಡ್ಸ್‌ನ ನಿರ್ಧಾರದ ವಿರುದ್ಧ ನಾಲ್ಕು ವಾರಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಜರ್ಮನಿಯು ಕಾನ್ಸುಲೇಟಿಗೇ ಪತ್ರ ಬರೆದು ಮರುಪರಿಶೀಲನೆ ಕೋರುವ ಪದ್ಧತಿಯನ್ನು ೨೦೨೫ರ ಜುಲೈ ೧ರಿಂದ ಕೈಬಿಟ್ಟಿದೆ. ಈಗ ಹೊಸ ಅರ್ಜಿ ಸಲ್ಲಿಸುವುದು ಅಥವಾ ಜರ್ಮನಿಯ ನ್ಯಾಯಾಲಯಕ್ಕೆ ಹೋಗುವುದು ಉಳಿದಿರುವ ದಾರಿಗಳು.

ಬಹುಪ್ರವೇಶ ವೀಸಾ

ಯುರೋಪಿಯನ್ ಆಯೋಗವು ೨೦೨೪ರ ಏಪ್ರಿಲ್ ೧೮ರಂದು ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ವಿಶೇಷ ನಿಯಮಗಳನ್ನು ಅಂಗೀಕರಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ನಿಯಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷಗಳ ಬಹುಪ್ರವೇಶ ವೀಸಾ ನೀಡಬಹುದು. ಸಾಮಾನ್ಯವಾಗಿ ಅದರ ನಂತರ ಐದು ವರ್ಷಗಳ ವೀಸಾ ದೊರೆಯುತ್ತದೆ. ಪಾಸ್‌ಪೋರ್ಟಿನ ಮಾನ್ಯತೆ ಅಷ್ಟು ಕಾಲ ಇರಬೇಕು. ವೀಸಾ ಐದು ವರ್ಷದ್ದಾದರೂ ೧೮೦ ದಿನಗಳಲ್ಲಿ ೯೦ ದಿನಗಳ ಮಿತಿ ಬದಲಾಗುವುದಿಲ್ಲ. ಮೊದಲ ಭೇಟಿಯಲ್ಲಿ ಗೊತ್ತಾದ ದಿನಕ್ಕೆ ಮರಳಿ ಬಂದಿರುವುದೇ ಮುಂದಿನ ಅರ್ಜಿಗೆ ದೊಡ್ಡ ಪುರಾವೆಯಾಗುತ್ತದೆ.

ಪ್ರವೇಶದ ಗಡಿಯಲ್ಲಿ

ವೀಸಾ ಚೀಟಿಯಲ್ಲಿ ಮಾನ್ಯತೆಯ ದಿನಾಂಕಗಳು, ವಾಸ್ತವ್ಯದ ದಿನಗಳು ಮತ್ತು ಪ್ರವೇಶಗಳ ಸಂಖ್ಯೆ ಪ್ರತ್ಯೇಕವಾಗಿ ಮುದ್ರಿತವಾಗಿರುತ್ತವೆ. ಮಾನ್ಯತೆಯ ಅವಧಿ ವಾಸ್ತವ್ಯದ ದಿನಗಳಿಗಿಂತ ಹೆಚ್ಚಾಗಿ ಇರುವುದುಂಟು. ಉಳಿಯಬಹುದಾದದ್ದು ವಾಸ್ತವ್ಯದ ದಿನಗಳಷ್ಟು ಮಾತ್ರ. ವೀಸಾ ಇದ್ದರೂ ಪ್ರವೇಶದ ಅಂತಿಮ ನಿರ್ಧಾರ ಗಡಿ ಅಧಿಕಾರಿಯದು. ಆದ್ದರಿಂದ ಆಹ್ವಾನ, ವಿಮೆ ಮತ್ತು ಮರುಪ್ರಯಾಣದ ಟಿಕೆಟ್‌ಗಳ ಪ್ರತಿಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ೨೦೨೫ರ ಅಕ್ಟೋಬರ್ ೧೨ರಿಂದ ಹಂತಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿನ ಮುದ್ರೆಗೆ ಬದಲಾಗಿ ದಿನಾಂಕಗಳು ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಹೀಗಾಗಿ ಒಂದು ದಿನ ಹೆಚ್ಚು ಉಳಿದರೂ ಅದು ತಾನಾಗಿ ಗುರುತಿಗೆ ಬರುತ್ತದೆ.

ಯುರೋಪಿಯನ್ ಒಕ್ಕೂಟವು ಹೊರದೇಶಗಳ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವುದನ್ನು ನಿಷೇಧಿಸಿದೆ. ಬಾಣಂತಿಗೆಂದು ಒಯ್ಯುವ ತುಪ್ಪವೂ ಈ ನಿಷೇಧಕ್ಕೆ ಒಳಪಡುತ್ತದೆ. ಕರಿಬೇವಿನಂತಹ ಹಸಿ ಸೊಪ್ಪುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಮುಂದಿನ ಬದಲಾವಣೆಗಳು

ವೀಸಾ ಪ್ರಕ್ರಿಯೆಯನ್ನು ಡಿಜಿಟಲ್ ಆಗಿಸುವ ಕಾನೂನನ್ನು ಯುರೋಪಿಯನ್ ಒಕ್ಕೂಟ ೨೦೨೩ರ ನವೆಂಬರ್‌ನಲ್ಲಿ ಅಂಗೀಕರಿಸಿದೆ. ಎಲ್ಲ ಷೆಂಗೆನ್ ದೇಶಗಳಿಗೂ ಒಂದೇ ಅಂತರಜಾಲ ವೇದಿಕೆಯ ಮೂಲಕ ಅರ್ಜಿ ಸಲ್ಲಿಸುವುದು ಮತ್ತು ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿಯ ಬದಲಿಗೆ ಡಿಜಿಟಲ್ ವೀಸಾ ನೀಡುವುದು ಅದರ ಉದ್ದೇಶ. ಮೊದಲ ಬಾರಿ ಅರ್ಜಿ ಸಲ್ಲಿಸುವವರು ಬೆರಳಚ್ಚಿಗಾಗಿ ಆಗಲೂ ಖುದ್ದಾಗಿ ಹಾಜರಾಗಬೇಕಾಗುತ್ತದೆ.

ಇವನ್ನೂ ನೋಡಿ

• ಭಾರತೀಯ ಪಾಸ್‌ಪೋರ್ಟ್
• ಯುರೋಪಿಯನ್ ಒಕ್ಕೂಟ
• ನೆಲಮಂಗಲ
• ಪಹಣಿ